ಎಡವುಗಲ್ಲು ಇಡಿಸಿದ ಕಥೆ: ಒಬ್ಬ ಫರ್ನಿಚರ್ ವ್ಯಾಪಾರಿ, ನಾಲ್ಕು ಪಟ್ಟಿ, ಮೂರೂವರೆ ವರ್ಷ

ಹೋದ ತಿಂಗಳು ಒಂದು ಮಂಗಳವಾರ ಬೆಳಿಗ್ಗೆ ಬರ್ಲಿನ್ನಿನ ನಮ್ಮ ಮನೆ ಮುಂದಿನ ಫುಟ್‌ಪಾತಿನಲ್ಲಿ ನಾಲ್ಕು ಹಿತ್ತಾಳೆ ಕಲ್ಲು ಕೂತವು. ಇಪ್ಪತ್ತು ನಿಮಿಷದ ಕೆಲಸ. ಅದಕ್ಕೆ ನಾನು ಹತ್ತಿರ ಹತ್ತಿರ ಮೂರೂವರೆ ವರ್ಷ ಓಡಾಡಿದ್ದೇನೆ. ಫೋಟೋ ನೋಡಿದ ನಮ್ಮ ಕನ್ನಡದವರು ಮೂರ್ನಾಲ್ಕು ಜನ "ನಮ್ಮ ಬೀದಿಯಲ್ಲೂ ಒಂದು ಇಡಿಸಬೇಕು, ಎಲ್ಲಿಂದ ಶುರು ಮಾಡೋದು?" ಅಂತ ಕೇಳಿದರು. ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳಿ ಸಾಕಾಯಿತು. ಅದಕ್ಕೆ ಒಂದೇ ಸಲ ಬರೆದುಬಿಡುತ್ತಿದ್ದೇನೆ. ನಾನು ಮಾಡಿದ ತಪ್ಪು ನೀವು ಮಾಡದೇ ಇದ್ದರೆ ಒಂದು ವರ್ಷವಾದರೂ ಉಳಿದೀತು.

ಗೊತ್ತಿಲ್ಲದವರಿಗೆ ಎರಡು ಮಾತು. ಇದನ್ನು ಜರ್ಮನಿನಲ್ಲಿ ಶ್ಟೋಲ್ಪರ್‌ಶ್ಟೈನ್ ಅನ್ನುತ್ತಾರೆ. ಎಡವುಗಲ್ಲು ಅಂತ ಅರ್ಥ. 10 ಸೆಂಟಿಮೀಟರ್ ಚೌಕದ ಕಾಂಕ್ರೀಟ್ ಕಲ್ಲು, ತಲೆಯ ಮೇಲೆ ಹಿತ್ತಾಳೆ ತಗಡು. ನಾಜಿಗಳ ಕಾಲದಲ್ಲಿ ಓಡಿಸಲ್ಪಟ್ಟವರು, ಕೊಲ್ಲಲ್ಪಟ್ಟವರು ಕೊನೆಯದಾಗಿ ತಮ್ಮ ಇಷ್ಟದಂತೆ ವಾಸವಿದ್ದ ಮನೆಯ ಮುಂದೆ ಇಡುತ್ತಾರೆ. ಗುಂಟರ್ ಡೆಮ್ನಿಗ್ ಅನ್ನುವ ಕಲಾವಿದರು 1992ರಲ್ಲಿ ಕಲೋನ್ ಊರಿನಲ್ಲಿ ಮೊದಲನೆಯದನ್ನು ಇಟ್ಟರು. ಬರ್ಲಿನ್ನಿನಲ್ಲಿ 1996ರಲ್ಲಿ ಕ್ರಾಯ್ಟ್ಸ್‌ಬೆರ್ಗ್‌ನ ಒರಾನಿಯೆನ್ ಬೀದಿಯಲ್ಲಿ ಇಟ್ಟಾಗ ಅವರ ಬಳಿ ಅನುಮತಿಯೂ ಇರಲಿಲ್ಲ. 2023ರ ಮೇ ತಿಂಗಳಲ್ಲಿ ನ್ಯೂರೆಂಬರ್ಗ್‌ನಲ್ಲಿ ಒಂದು ಲಕ್ಷನೇ ಕಲ್ಲು ಬಿತ್ತು. ಮ್ಯೂನಿಕ್‌ನಲ್ಲಿ ಇರುವವರಿಗೆ ಒಂದು ಮಾತು: ಅಲ್ಲಿ ಸಾರ್ವಜನಿಕ ಜಾಗದಲ್ಲಿ ಇದಕ್ಕೆ ಅವಕಾಶ ಇಲ್ಲ. ಸತ್ತವರ ಹೆಸರನ್ನು ಕಾಲ ಕೆಳಗೆ ಇಡಬಾರದು ಅಂತ ಅಲ್ಲಿನ ಯಹೂದಿ ಸಮುದಾಯದ ಹಿರಿಯರೇ ವಿರೋಧಿಸಿದ್ದರು. ನಮ್ಮ ಅಮ್ಮನೂ ಮೊದಲು ಕೇಳಿದ್ದು ಅದನ್ನೇ, "ಹೆಸರು ಬರೆದು ತುಳಿಯೋದಾ?"

ನಮ್ಮದು ಶೋನೆಬೆರ್ಗ್, ಬವೇರಿಯನ್ ಕ್ವಾರ್ಟರ್ ಅನ್ನುವ ಕಡೆ. ಐನ್‌ಸ್ಟೈನ್ ಇದ್ದ ಹಾಬರ್‌ಲಾಂಡ್ ಬೀದಿ ಇಲ್ಲೇ. ಒಂದು ಕಾಲದಲ್ಲಿ ಯಹೂದಿ ಮನೆಗಳು ತುಂಬಾ ಇದ್ದ ಬಡಾವಣೆ. ಇಲ್ಲಿನ ಪ್ರೈಮರಿ ಶಾಲೆಯೊಂದರಲ್ಲಿ ಆರನೇ ತರಗತಿಯ ಮಕ್ಕಳು ವರ್ಷ ವರ್ಷ ಒಬ್ಬೊಬ್ಬರ ಹೆಸರನ್ನು ಒಂದು ಇಟ್ಟಿಗೆಯ ಮೇಲೆ ಬರೆದು ಶಾಲೆ ಅಂಗಳದ ಗೋಡೆಗೆ ಸೇರಿಸುತ್ತಾರೆ. ಮೊದಲು ಆ ಜಾಗದಲ್ಲಿ ಸಿನಗಾಗ್, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರ ಇತ್ತು. ಮಕ್ಕಳು ತಮ್ಮ ಹುಟ್ಟಿದ ದಿನವೇ ಹುಟ್ಟಿದವರನ್ನೋ, ತಮ್ಮ ಬೀದಿಯಲ್ಲಿದ್ದವರನ್ನೋ ಹುಡುಕಿಕೊಳ್ಳುತ್ತಾರೆ. ನಮ್ಮ ಮಗಳು ನಮ್ಮ ಮನೆ ನಂಬರಿನಲ್ಲೇ ಒಬ್ಬರನ್ನು ಹುಡುಕಿದಳು. 1881ರಲ್ಲಿ ಹುಟ್ಟಿದವರು. ಉದ್ಯೋಗ: ಫರ್ನಿಚರ್ ವ್ಯಾಪಾರಿ.

"ಅಮ್ಮಾ, ತಾತನ ಥರಾನೇ!" ಅಂದಳು. ಅಷ್ಟೇ ನನಗೆ ಸಾಕಾಯಿತು. ನಮ್ಮಪ್ಪ ಅರಸೀಕೆರೆಯಲ್ಲಿ ಮೂವತ್ತೆಂಟು ವರ್ಷ ಫರ್ನಿಚರ್ ಅಂಗಡಿ ಇಟ್ಟಿದ್ದವರು. ಮಂಚ, ಬೀರು, ಮದುವೆ ಸೀಸನ್ನಿನಲ್ಲಿ ಡ್ರೆಸ್ಸಿಂಗ್ ಟೇಬಲ್. ಅರ್ಧ ವ್ಯಾಪಾರ ಕಂತಿನ ಮೇಲೆ. ಅಂಗಡಿ ಹುಡುಗರು ಅಪ್ಪನನ್ನು ಯಜಮಾನರು ಅನ್ನುತ್ತಿದ್ದರು. ನಾನೂ ಇಲ್ಲಿ ಆ ಬರ್ಲಿನ್ ವ್ಯಾಪಾರಿಯನ್ನು ಯಜಮಾನರು ಅಂತಲೇ ಬರೆಯುತ್ತೇನೆ. ಹೆಸರು ಕಲ್ಲಿನ ಮೇಲಿದ್ದರೆ ಸಾಕು, ಇಂಟರ್ನೆಟ್ಟಿನಲ್ಲಿ ಬೇಡ ಅಂತ ಅವರ ಮೊಮ್ಮಗಳು ಕೇಳಿಕೊಂಡಿದ್ದಾರೆ.

ಮೊದಲ ಹೆಜ್ಜೆ ಸುಲಭ, ದುಡ್ಡೂ ಬೇಡ. ಜರ್ಮನಿಯ ರಾಷ್ಟ್ರೀಯ ಆರ್ಕೈವ್‌ನ ಸ್ಮರಣ ಪುಸ್ತಕ ಆನ್‌ಲೈನಿನಲ್ಲಿದೆ. ಹೆಸರು ಹಾಕಿದರೆ ಹುಟ್ಟಿದ ದಿನ, ಎಲ್ಲಿಗೆ ಯಾವತ್ತು ಸಾಗಿಸಿದರು ಅನ್ನುವುದು ಬರುತ್ತದೆ. ನಾಜಿಗಳ ಕೈಗೆ ಸಿಕ್ಕವರ ದಾಖಲೆ ಇಟ್ಟಿರುವ ಆರೋಲ್ಸೆನ್ ಆರ್ಕೈವ್, ಜೆರುಸಲೇಮಿನ ಸ್ಮಾರಕ ಸಂಸ್ಥೆ ಯಾದ್ ವಶೇಮ್ ಎರಡರಲ್ಲೂ ಹುಡುಕಿ. ಆಮೇಲೆ ಬರ್ಲಿನ್ ವಿಳಾಸ ಪುಸ್ತಕಗಳು. 1943ರವರೆಗಿನ ದಪ್ಪ ದಪ್ಪ ಸಂಪುಟಗಳನ್ನು ನಗರದ ಗ್ರಂಥಾಲಯ ಸ್ಕ್ಯಾನ್ ಮಾಡಿ ಹಾಕಿದೆ. ಹೆಸರಿನ ಪ್ರಕಾರ ಒಂದು ಭಾಗ, ಬೀದಿ ಪ್ರಕಾರ ಒಂದು, ಕಸುಬಿನ ಪ್ರಕಾರ ಒಂದು. ಆದರೆ ಎಲ್ಲ ಹಳೇ ಫ್ರಾಕ್ಟೂರ್ ಅಕ್ಷರ, ಎಸ್ ಯಾವುದು ಎಫ್ ಯಾವುದು ಗೊತ್ತಾಗುವುದಿಲ್ಲ. ವಾರ ಪೂರ್ತಿ ಕಣ್ಣು ಉರಿ. ಆಮೇಲೆ ಅಭ್ಯಾಸವಾಗುತ್ತದೆ, ಹೆದರಬೇಡಿ.

ನಾನು ಮೊದಲು ಎಡವಿದ್ದು ವಿಳಾಸದಲ್ಲಿ. ನಮ್ಮ ಮನೆ ಯುದ್ಧದ ನಂತರ ಕಟ್ಟಿದ್ದು, ಐವತ್ತರ ದಶಕದ ಸಪ್ಪೆ ಕಟ್ಟಡ. ಹಳೆಯದು ಬಾಂಬಿಗೆ ಹೋಗಿತ್ತು. ಹೊಸದು ಕಟ್ಟುವಾಗ ನಂಬರುಗಳು ಜರುಗಿದ್ದವು. ಅಂದರೆ ಯಜಮಾನರ ಮನೆ ನಮ್ಮ ಬಾಗಿಲಿನ ಜಾಗದಲ್ಲಿ ಇರಲೇ ಇಲ್ಲ! ಈಗ ಸೈಕಲ್ ನಿಲ್ಲಿಸುವ ಕಡೆ, ಹದಿನೈದು ಹೆಜ್ಜೆ ಆಚೆ. ಜಿಲ್ಲೆಯ ಕಟ್ಟಡ ಕಡತಗಳಲ್ಲಿ ಹಳೇ ನಕ್ಷೆ ನೋಡಿದ ಮೇಲೆಯೇ ಇದು ಗೊತ್ತಾಗಿದ್ದು. ಅದಕ್ಕೆ ಸ್ವಲ್ಪ ಫೀಸೂ ಆಯಿತು, ಎರಡು ತಿಂಗಳೂ ಹೋಯಿತು. ನಿಮ್ಮದು ಹಳೇ ಕಟ್ಟಡ ಅಲ್ಲದಿದ್ದರೆ ಮೊದಲು ಇದನ್ನು ನೋಡಿ. ಬೀದಿ ಹೆಸರನ್ನೂ ನೋಡಿ. ಹಾಬರ್‌ಲಾಂಡ್ ಯಹೂದಿ ಹೆಸರು ಅಂತ 1938ರಲ್ಲಿ ಆ ಬೀದಿಯ ಹೆಸರನ್ನೇ ಬದಲಿಸಿದ್ದರು, ತೊಂಬತ್ತರ ದಶಕದಲ್ಲಿ ಒಂದು ಭಾಗಕ್ಕೆ ವಾಪಸ್ ಕೊಟ್ಟರು. ಹಾಗಾಗಿ 1940ರ ಕಾಗದದಲ್ಲಿ ಒಂದು ಹೆಸರು, ಇವತ್ತಿನ ಮ್ಯಾಪಿನಲ್ಲಿ ಇನ್ನೊಂದು.

ಎಡವುಗಲ್ಲಿನ ಕೆಲಸ ನೋಡಿಕೊಳ್ಳುವ ಕಚೇರಿಗೆ ಅರ್ಜಿ ಹಾಕಿದೆ. ಅರ್ಜಿಗೆ ದುಡ್ಡಿಲ್ಲ. ನಾನು ಹಾಕಿದಾಗ ಒಂದು ಕಲ್ಲಿಗೆ 120 ಯೂರೋ ಅಂದರು. ಆಮೇಲೆ ಸ್ವಲ್ಪ ಏರಿದೆ, ನೀವು ಹಾಕುವಾಗ ಕೇಳಿಕೊಳ್ಳಿ. ಒಂದೂವರೆ ತಿಂಗಳಿಗೆ ಉತ್ತರ ಬಂತು: ನಿಮ್ಮ ಅರ್ಜಿ ಸರತಿಯಲ್ಲಿದೆ, ಮೂರು ವರ್ಷವಾಗಬಹುದು. ನಾನು ಮೂರು ತಿಂಗಳು ಅಂತ ಓದಿದ್ದೆ. ನನ್ನ ಗಂಡ ಇನ್ನೊಂದು ಸಲ ಓದಿ ಹೇಳಿದರು. ಮೊದಲು ಸಿಟ್ಟು ಬಂತು. ಆಮೇಲೆ ಅನ್ನಿಸಿತು, ಒಂದೊಂದು ಅಕ್ಷರವನ್ನೂ ಕೈಯಲ್ಲಿ ಸುತ್ತಿಗೆಯಿಂದ ಹೊಡೆದು ಮೂಡಿಸುತ್ತಾರಂತೆ, ಯಂತ್ರ ಬಳಸುವುದಿಲ್ಲ, ಇನ್ನೇನಾಗುತ್ತೆ? ಆದರೆ ನಿಜ ಹೇಳಬೇಕಂದರೆ ಆ ಮೂರು ವರ್ಷ ನನಗೂ ಬೇಕಾಗಿತ್ತು. ನನ್ನ ಬಳಿ ಇದ್ದದ್ದು ಒಂದು ಹೆಸರು, ಒಂದು ತಾರೀಖು ಅಷ್ಟೇ.

ಬರ್ಲಿನ್ ರಾಜ್ಯದ ಆರ್ಕೈವ್ ರೈನಿಕೆನ್‌ಡಾರ್ಫ್‌ನಲ್ಲಿದೆ, ಹಿಂದೆ ಮದ್ದುಗುಂಡಿನ ಕಾರ್ಖಾನೆ ಇದ್ದ ಕಟ್ಟಡ. ಓದುವ ಕೋಣೆಗೆ ಮೊದಲೇ ಜಾಗ ಕಾಯ್ದಿರಿಸಿ. ಪೆನ್ಸಿಲ್ ಒಯ್ಯಿರಿ, ಪೆನ್ ಬಿಡುವುದಿಲ್ಲ. ಅಲ್ಲಿ ವ್ಯಾಪಾರ ನೋಂದಣಿ ಕಡತ ಸಿಕ್ಕಿತು. ಕೈಗೆ ಬಂದಾಗ ಧೂಳಿನ ವಾಸನೆ ಅಪ್ಪನ ಲೆಕ್ಕದ ಪುಸ್ತಕದ ಥರವೇ ಇತ್ತು.

ಯಜಮಾನರ ತಂದೆ ಈಗ ಪೋಲೆಂಡಿನಲ್ಲಿರುವ ಪೋಸೆನ್ ಪ್ರಾಂತ್ಯದಿಂದ ಬರ್ಲಿನ್ನಿಗೆ ಬಂದವರು. ಅಲೆಕ್ಸಾಂಡರ್ ಚೌಕದಿಂದ ಸ್ವಲ್ಪ ಪೂರ್ವಕ್ಕೆ ಅಂಗಡಿ. ಮೊದಲು ಹಳೇ ಸಾಮಾನು, ಆಮೇಲೆ ಹೊಸದು, ಆಮೇಲೆ ಮಗ ಸೇರಿದ ಮೇಲೆ ಮಲಗುವ ಕೋಣೆಯ ಸೆಟ್, ಊಟದ ಕೋಣೆಯ ಸೆಟ್. ಬರ್ಲಿನ್ನಿನ ಕೂಲಿಯವರು, ಗುಮಾಸ್ತರು ಕಂತಿನ ಮೇಲೆ ಒಯ್ಯುತ್ತಿದ್ದರು. 1923ರಲ್ಲಿ ದುಡ್ಡಿಗೆ ಬೆಲೆಯೇ ಇಲ್ಲದಂತಾದಾಗ ಕಂತಿನ ಮೇಲೆ ಸಾಮಾನು ಕೊಟ್ಟವನ ಪಾಡು ಏನಾಯಿತು ಅನ್ನುವುದನ್ನು ವ್ಯಾಪಾರದ ಮನೆಯಲ್ಲಿ ಹುಟ್ಟಿದವರಿಗೆ ಬಿಡಿಸಿ ಹೇಳಬೇಕಿಲ್ಲ: ಜನವರಿಯಲ್ಲಿ ಬೀರು ಕೊಟ್ಟು ಅಕ್ಟೋಬರಿನಲ್ಲಿ ಬಂದ ಕಂತಿಗೆ ಒಂದು ಬ್ರೆಡ್ಡೂ ಬರುತ್ತಿರಲಿಲ್ಲ. ಅದರಿಂದಲೂ ಎದ್ದು ನಿಂತರು. ಕಡತದಲ್ಲಿ 1928ರ ಒಂದು ಪತ್ರ ಇದೆ. ಮೇಲೆ ಅಂಗಡಿಯ ಚಿತ್ರ, ನಾಲ್ಕು ಕಿಟಕಿ.

ನಾಜಿಗಳು ಬಂದ ಮೇಲೆ 1933ರ ಏಪ್ರಿಲ್ 1ರಂದು ಯಹೂದಿ ಅಂಗಡಿಗಳಿಗೆ ಹಾಕಿದ ಬಹಿಷ್ಕಾರ ಎಲ್ಲರಿಗೂ ಗೊತ್ತು, ಅಂಗಡಿ ಮುಂದೆ ನಾಜಿ ಪಡೆಯ ಕಂದು ಅಂಗಿಯವರು ನಿಂತ ಫೋಟೋ ಶಾಲೆ ಪುಸ್ತಕದಲ್ಲೂ ಇದೆ. ನನಗೆ ಗೊತ್ತಿಲ್ಲದೇ ಇದ್ದದ್ದು ಮದುವೆ ಸಾಲ. ಆ ವರ್ಷ ಜೂನ್‌ನಲ್ಲಿ ಕಾನೂನು ಬಂತು: ಹೊಸದಾಗಿ ಮದುವೆಯಾಗುವವರಿಗೆ ಸರ್ಕಾರ 1000 ಮಾರ್ಕ್‌ವರೆಗೆ ಸಾಲ ಕೊಡುತ್ತದೆ. ಆದರೆ ನಗದಾಗಿ ಅಲ್ಲ, ಚೀಟಿಯಲ್ಲಿ. ಆ ಚೀಟಿಗೆ ಫರ್ನಿಚರ್, ಪಾತ್ರೆ ಪಗಡಿ ಕೊಳ್ಳಬಹುದು. ಯಹೂದಿ ಅಂಗಡಿಗಳಲ್ಲಿ ಮಾತ್ರ ಆ ಚೀಟಿ ನಡೆಯುವುದಿಲ್ಲ. ಅಪ್ಪನಿಗೆ ಫೋನಿನಲ್ಲಿ ಇದನ್ನು ಹೇಳಿದೆ. ಒಂದು ನಿಮಿಷ ಸುಮ್ಮನಿದ್ದು, "ಮದುವೆ ವ್ಯಾಪಾರ ಹೋದ್ರೆ ಫರ್ನಿಚರ್ ಅಂಗಡೀಲಿ ಇನ್ನೇನಿದೆ? ಮುಚ್ಚೋಕೆ ಆವತ್ತೇ ಶುರು ಮಾಡಿದ್ರು ಬಿಡು" ಅಂದರು. ಬಹಿಷ್ಕಾರ ಒಂದು ದಿನದ್ದು, ಚೀಟಿ ಪ್ರತಿ ದಿನದ್ದು.

ಆದರೂ ಐದು ವರ್ಷ ತಳ್ಳಿದರು. 1938ರ ಬೇಸಿಗೆಯಲ್ಲಿ ಬರ್ಲಿನ್ನಿನ ಯಹೂದಿ ಅಂಗಡಿಗಳ ಗಾಜಿನ ಮೇಲೆ ಮಾಲೀಕರ ಹೆಸರನ್ನು ದೊಡ್ಡ ಬಿಳಿ ಅಕ್ಷರದಲ್ಲಿ ಬರೆಸಬೇಕಾಯಿತು. ನವೆಂಬರ್ 9ರ ರಾತ್ರಿ ಅದೇ ಗಾಜು ಒಡೆದರು. ಯಜಮಾನರ ಮಗನನ್ನು ಹಿಡಿದು ಸಾಕ್ಸೆನ್‌ಹೌಸೆನ್ ಸೆರೆಶಿಬಿರಕ್ಕೆ ಒಯ್ದರು. ನವೆಂಬರ್ 12ಕ್ಕೆ ಆದೇಶ ಬಂತು: ಒಡೆದದ್ದನ್ನು ಅಂಗಡಿಯವರೇ ತಮ್ಮ ಖರ್ಚಿನಲ್ಲಿ ರಿಪೇರಿ ಮಾಡಿಸಬೇಕು, ವಿಮೆ ಹಣ ಸರ್ಕಾರಕ್ಕೆ, ಜನವರಿ 1ರಿಂದ ಯಹೂದಿಗಳು ಅಂಗಡಿಯನ್ನೇ ನಡೆಸುವಂತಿಲ್ಲ. ಕಡತದಲ್ಲಿ ಆಗ ಉಳಿದ ಸಾಮಾನಿನ ಪಟ್ಟಿ ಇದೆ. ಇದು ಮೊದಲನೇ ಪಟ್ಟಿ, ಟೈಪ್ ಮಾಡಿದ್ದು. ಕೊನೆಯ ಹಾಳೆಯಲ್ಲಿ ಒಂದೇ ಸಾಲು: ಫರ್ಮಾ ಎರ್‌ಲೋಶನ್. ದೀಪ ಆರಿದರೂ ಜರ್ಮನಿನಲ್ಲಿ ಅದೇ ಮಾತು, ಅಂಗಡಿ ಮುಚ್ಚಿದರೂ ಅದೇ. ನಮ್ಮಲ್ಲಿ ಯಾರಾದರೂ ಹೀಗೆ ಅಂದರೆ ಬಾಯಿಗೆ ಹೊಡೆಯುತ್ತಾರೆ.

ಎರಡನೇ ಪಟ್ಟಿಗೆ ಪೋಟ್ಸ್‌ಡಾಮ್ ಪಕ್ಕದ ಗೋಲ್ಮ್‌ಗೆ ಹೋಗಬೇಕು. ಬ್ರಾಂಡನ್‌ಬುರ್ಗ್ ರಾಜ್ಯದ ಮುಖ್ಯ ಆರ್ಕೈವ್ ಅಲ್ಲಿದೆ. ರೈಲಿಗೆ ಸಿ ವಲಯದ ಟಿಕೆಟ್ ಬೇಕು, ನಾನು ಮರೆತು ದಂಡ ಕಟ್ಟಿದೆ, 60 ಯೂರೋ. ನಾಜಿ ತೆರಿಗೆ ಇಲಾಖೆ ಯಹೂದಿಗಳ ಆಸ್ತಿ ಕಸಿದುಕೊಂಡ ಕಡತಗಳು ಸಾವಿರಾರು ಅಲ್ಲಿವೆ. ಹೋಗುವ ಮೊದಲು ಕ್ಯಾಟಲಾಗಿನಲ್ಲಿ ಹೆಂಡತಿಯ ಹೆಸರಿನಲ್ಲೂ ಹುಡುಕಿ. ನಾನು ಗಂಡನ ಹೆಸರು ಮಾತ್ರ ಹಾಕಿ ಅರ್ಧ ಕಡತ ನೋಡದೆ ವಾಪಸ್ ಬಂದಿದ್ದೆ.

ಸಾಗಿಸುವ ಮೊದಲು ಪ್ರತಿಯೊಬ್ಬರೂ 16 ಪುಟದ ಒಂದು ಫಾರಂ ತುಂಬಬೇಕಿತ್ತು. ಬ್ಯಾಂಕಿನಲ್ಲಿ ಎಷ್ಟಿದೆ, ಮನೆಯಲ್ಲಿ ಎಷ್ಟು ಹಾಸಿಗೆ, ಎಷ್ಟು ಕುರ್ಚಿ, ಎಷ್ಟು ಟವೆಲ್, ಎಲ್ಲಕ್ಕೂ ಬೆಲೆ. ಯಜಮಾನರ ಕೈಬರಹ ಹಳೇ ಶೈಲಿಯದ್ದು, ನನಗೆ ಓದಲು ಬರಲಿಲ್ಲ. ಕೆಳಗಿನ ಮನೆಯ ಅಜ್ಜಿ ನನ್ನ ಸ್ಕ್ಯಾನ್ ಪ್ರತಿಗಳನ್ನು ಭೂತಗನ್ನಡಿ ಹಿಡಿದು ಓದಿ ಹೇಳಿದರು, ಎರಡು ಭಾನುವಾರ. ಬೇರೆಯವರ ಫಾರಂಗಳಲ್ಲಿ "ಬೀರು 1, ಮೇಜು 1" ಅಂತ ಇರುತ್ತದಂತೆ. ಇವರದು ಹಾಗಲ್ಲ. "ಬೀರು 1, ಓಕ್, ಮೂರು ಬಾಗಿಲು, ನಡುವಿನ ಬಾಗಿಲ ಒಳಗೆ ಕನ್ನಡಿ." "ಊಟದ ಮೇಜು 1, ಎಳೆದು ಉದ್ದ ಮಾಡುವುದು, ಹತ್ತು ಜನರಿಗೆ." "ಕುರ್ಚಿ 6, ಕೂರುವ ಕಡೆ ಚರ್ಮ." ಕಸಿದುಕೊಳ್ಳುವವರಿಗೆ ಸಾಮಾನಿನ ಪಟ್ಟಿ ಬರೆದುಕೊಡುವಾಗಲೂ ಮರ ಯಾವುದು ಅಂತ ಬರೆಯದೆ ಇರಲು ಆ ಮನುಷ್ಯನಿಗೆ ಆಗಲಿಲ್ಲ.

ಅವತ್ತು ರಾತ್ರಿ ಅಪ್ಪನಿಗೆ ಪೂರ್ತಿ ಪಟ್ಟಿ ಓದಿ ಹೇಳಿದೆ. ಅಪ್ಪ ಮಧ್ಯೆ ತಡೆದು, "ಹತ್ತು ಜನ ಕೂರೋ ಮೇಜಿಗೆ ಆರೇ ಕುರ್ಚಿನಾ? ಹತ್ತೋ ಹನ್ನೆರಡೋ ಇದ್ದಿರಬೇಕು ಕಣಮ್ಮ. ಉಳಿದದ್ದು ಮೊದಲೇ ಮಾರಿರ್ತಾರೆ" ಅಂದರು. ಇರಬಹುದು ಅಂದುಕೊಂಡೆ. ಆ ಫಾರಂ ತುಂಬುವಾಗ ಯಜಮಾನರು ತಮ್ಮ ಮನೆಯಲ್ಲೇ ಇರಲಿಲ್ಲ. 1939ರ ಬಾಡಿಗೆ ಕಾನೂನಿನ ನಂತರ ಯಹೂದಿಗಳನ್ನೆಲ್ಲ ಒಂದೊಂದು ಕಟ್ಟಡಕ್ಕೆ ತುಂಬಿದ್ದರು. ಗಂಡ ಹೆಂಡತಿ ಇಬ್ಬರೂ ಬೇರೆಯವರ ಮನೆಯ ಎರಡು ಕೋಣೆಯಲ್ಲಿದ್ದರು. ಕಲ್ಲನ್ನು ಕೊನೆಯ ವಿಳಾಸದಲ್ಲಿ ಅಲ್ಲ, ಇಷ್ಟಪಟ್ಟು ಇದ್ದ ಕೊನೆಯ ವಿಳಾಸದಲ್ಲಿ ಇಡುವುದು ಇದಕ್ಕೇ. ಕಡತದಲ್ಲಿರುವ ವಿಳಾಸ ನೋಡಿ ಮೋಸ ಹೋಗಬೇಡಿ.

ಅದೇ ಕಡತದಲ್ಲಿ ಮೂರನೇ ಪಟ್ಟಿ. ಅವರನ್ನು ಸಾಗಿಸಿದ ಕೆಲವು ವಾರಕ್ಕೆ ಕೋರ್ಟಿನ ಅಮೀನ ಬಂದು ಬೆಲೆ ಕಟ್ಟಿದ್ದು. "ಬೀರು, ಹಳೆಯದು." "ಮೇಜು, ಹಳೆಯದು." ಕುರ್ಚಿ ನಾಲ್ಕು. ಇನ್ನೆರಡು ಎಲ್ಲಿ ಹೋದವು ಅಂತ ಯಾರೂ ಕೇಳಿಲ್ಲ. ಎಲ್ಲವನ್ನೂ ಒಬ್ಬ ಹಳೇ ಸಾಮಾನಿನ ವ್ಯಾಪಾರಿಗೆ ಒಟ್ಟಿಗೆ ಮಾರಿದ್ದಾರೆ, ರಸೀದಿ ಇದೆ. ಅದರ ಹಿಂದೆ ಕರೆಂಟ್ ಬಿಲ್ ಪಿನ್ ಮಾಡಿದೆ. ಸಾಗಿಸಿದವರು ಕಟ್ಟದೇ ಉಳಿಸಿದ ಬಾಕಿಯನ್ನು ಕೊಡಿ ಅಂತ ವಿದ್ಯುತ್ ಕಂಪನಿ ತೆರಿಗೆ ಇಲಾಖೆಗೆ ಬರೆದ ಪತ್ರ. ಮನೆ ಖಾಲಿ ಇದ್ದ ತಿಂಗಳುಗಳ ಬಾಡಿಗೆಯನ್ನು ಮಾಲೀಕನೂ ಕೇಳಿದ್ದಾನೆ. ನಾನು ಅಲ್ಲಿಯವರೆಗೆ ಅತ್ತಿರಲಿಲ್ಲ, ಆ ಬಿಲ್ ನೋಡಿ ಹೊರಗೆ ಹೋಗಿ ಕೂತೆ. ಯಾಕೆ ಅಂತ ಈಗಲೂ ಸರಿಯಾಗಿ ಹೇಳಲು ಬರುವುದಿಲ್ಲ. ಪೈಸೆ ಲೆಕ್ಕ ಅಷ್ಟು ಸರಿಯಾಗಿತ್ತು, ಅದಕ್ಕಿರಬಹುದು. ನೀವು ಹೋಗುವುದಾದರೆ ಒಬ್ಬರೇ ಹೋಗಬೇಡಿ.

1942ರ ಆಗಸ್ಟ್‌ನಲ್ಲಿ ಇಬ್ಬರನ್ನೂ ಚೆಕ್ ನೆಲದ ಟೆರೆಜಿನ್ ಸೆರೆಶಿಬಿರಕ್ಕೆ ಕಳಿಸಿದರು, ಜರ್ಮನಿನಲ್ಲಿ ಟೆರೇಸಿಯೆನ್‌ಶ್ಟಾಟ್. ವಯಸ್ಸಾದವರನ್ನು ಆನ್‌ಹಾಲ್ಟರ್ ನಿಲ್ದಾಣದಿಂದ ಒಯ್ಯುತ್ತಿದ್ದರು. ದಿನದ ಮಾಮೂಲಿ ರೈಲಿಗೆ ಒಂದೆರಡು ಮೂರನೇ ದರ್ಜೆ ಬೋಗಿ ಜೋಡಿಸಿ, ಒಂದು ಸಲಕ್ಕೆ ಐವತ್ತೋ ನೂರೋ ಜನ. ಹೊರಡುವ ಮುಂಚೆ "ವೃದ್ಧಾಶ್ರಮ ಖರೀದಿ ಒಪ್ಪಂದ" ಅಂತ ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡು ಉಳಿದ ದುಡ್ಡನ್ನೂ ಬರೆಸಿಕೊಂಡಿದ್ದಾರೆ. ಅಲ್ಲಿ ಸತ್ತವರ ಮರಣ ಪತ್ರಗಳನ್ನು ಚೆಕ್ ದೇಶದವರು ಆನ್‌ಲೈನಿಗೆ ಹಾಕಿದ್ದಾರೆ, ಹುಡುಕಿ, ಸಿಗಬಹುದು. ಯಜಮಾನರದ್ದು ಸಿಕ್ಕಿತು. 1943ರ ಫೆಬ್ರವರಿ. ಕಾರಣ ಅನ್ನುವಲ್ಲಿ ಕರುಳಿನ ಕಾಯಿಲೆ ಅಂತ ಬರೆದಿದ್ದಾರೆ. ಹೆಂಡತಿ ಅದೇ ವರ್ಷ ಚಳಿಗಾಲದಲ್ಲಿ.

ಕಾಯುವ ಎರಡನೇ ವರ್ಷ ಆಫೀಸಿನ ಕೆಲಸಕ್ಕೆ ಪ್ಯಾರಿಸ್‌ಗೆ ಹೋಗಿದ್ದೆ. ಫರ್ನಿಚರ್ ತಲೆಗೆ ಹತ್ತಿಬಿಟ್ಟಿತ್ತು, ಅಲ್ಲೂ ಅದೇ ಹುಡುಕಿದೆ. ಫೋಬೂರ್ ಸಾಂ ಮಾರ್ತಾಂ ಬೀದಿಯಲ್ಲಿ 85 ಮತ್ತು 87ನೇ ನಂಬರಿನ ಕಟ್ಟಡ, ಲೆವಿತಾಂ ಅನ್ನುವ ಯಹೂದಿ ವ್ಯಾಪಾರಿಯ ದೊಡ್ಡ ಫರ್ನಿಚರ್ ಮಳಿಗೆ. "ಲೆವಿತಾಂ ಸಾಮಾನು ಬಹಳ ಕಾಲ ಬಾಳುವ ಗ್ಯಾರಂಟಿ" ಅನ್ನುವ ಅವರ ಜಾಹೀರಾತು ಫ್ರಾನ್ಸಿನವರಿಗೆಲ್ಲ ಬಾಯಿಪಾಠವಂತೆ. ಅದನ್ನು ಕಸಿದುಕೊಂಡು, 1943ರ ಜುಲೈನಿಂದ 1944ರ ಆಗಸ್ಟ್‌ವರೆಗೆ ಒಳಗೆ ಯಹೂದಿ ಕೈದಿಗಳನ್ನು ಇಟ್ಟಿದ್ದರು. ಅವರ ಕೆಲಸ, ಪ್ಯಾರಿಸ್ಸಿನ ಯಹೂದಿ ಮನೆಗಳಿಂದ ದೋಚಿ ತಂದ ಸಾಮಾನನ್ನು ವಿಂಗಡಿಸಿ ಜರ್ಮನಿಗೆ ಕಳಿಸಲು ಅಣಿ ಮಾಡುವುದು. ಕೆಲವರ ಕೈಗೆ ತಮ್ಮ ಮನೆಯ ಸಾಮಾನೇ ಬಂತು. ಫರ್ನಿಚರ್ ಅಂಗಡಿಯಲ್ಲೇ. ನಾನು ಎದುರಿನ ಫುಟ್‌ಪಾತಿನಲ್ಲಿ ನಿಂತು ಒಂದು ಫೋಟೋ ತೆಗೆದುಕೊಂಡು ಬಂದೆ. ಈ ಕಥೆಗೆ ಇದು ಬೇಕಿತ್ತೋ ಇಲ್ಲವೋ ಗೊತ್ತಿಲ್ಲ, ಹೇಳದೆ ಇರಲು ಆಗಲಿಲ್ಲ.

ಇನ್ನು ಬಹಳ ಜನಕ್ಕೆ ಗೊತ್ತಿಲ್ಲದ ನಿಯಮ. ಕಲ್ಲು ಸತ್ತವರಿಗೆ ಮಾತ್ರ ಅಲ್ಲ. ಇಡೀ ಕುಟುಂಬವನ್ನು ಒಟ್ಟಿಗೆ ಇಡುತ್ತಾರೆ, ತಪ್ಪಿಸಿಕೊಂಡು ಬದುಕಿದವರನ್ನೂ. ಹಾಗಾಗಿ ಮಕ್ಕಳು ಏನಾದರು ಅಂತ ಹುಡುಕಬೇಕು, ವಂಶದವರು ಸಿಕ್ಕಿದರೆ ಅವರ ಒಪ್ಪಿಗೆ ಪಡೆಯಬೇಕು. ಯಾದ್ ವಶೇಮ್‌ನಲ್ಲಿ ಮಗಳು ಎಪ್ಪತ್ತರ ದಶಕದಲ್ಲಿ ತುಂಬಿ ಕಳಿಸಿದ ಸಾಕ್ಷಿ ಪತ್ರ ಸಿಕ್ಕಿತು, ಇಂಗ್ಲೆಂಡಿನ ವಿಳಾಸ. 1938ರ ಡಿಸೆಂಬರಿನಿಂದ ಯುದ್ಧ ಶುರುವಾಗುವವರೆಗೆ ಸುಮಾರು 10,000 ಮಕ್ಕಳನ್ನು ತಂದೆ ತಾಯಿ ಇಲ್ಲದೆ ಬ್ರಿಟನ್‌ಗೆ ಕಳಿಸಿದರಲ್ಲ, ಅದರಲ್ಲಿ ಇವಳೂ ಒಬ್ಬಳು. ಪತ್ರ ಬರೆದೆ, ವಾಪಸ್ ಬಂತು. ಲಂಡನ್ನಿನ ಯಹೂದಿ ನಿರಾಶ್ರಿತರ ಸಂಘದ ಪತ್ರಿಕೆಯಲ್ಲಿ "ಹುಡುಕುತ್ತಿದ್ದೇವೆ" ಅನ್ನುವ ಅಂಕಣ ಇದೆ, ಅಲ್ಲಿ ಹಾಕಿಸಿದೆ. ಏಳು ತಿಂಗಳು ಏನೂ ಇಲ್ಲ. ಒಂದು ದಿನ ಮೇಲ್ ಬಂತು, ಆ ಮಗಳ ಮಗಳು. ಮೊದಲ ಸಾಲೇ, "ನೀವು ಯಾರು, ನಿಮಗೆ ಇದು ಯಾಕೆ?" ಸರಿಯಾದ ಪ್ರಶ್ನೆ. ಉತ್ತರ ಬರೆಯಲು ನನಗೆ ನಾಲ್ಕು ದಿನ ಬೇಕಾಯಿತು. ಕೊನೆಗೆ ಅಪ್ಪನ ಅಂಗಡಿಯ ಒಂದು ಫೋಟೋ ಹಾಕಿ ಕಳಿಸಿದೆ.

ಅವರು ಒಪ್ಪಿಗೆ ಪತ್ರ ಕೊಟ್ಟ ಮೇಲೆ ಪರಿಹಾರದ ಕಡತ ತೆರೆಯಿತು. ಇದು ಮುಖ್ಯ: ಯುದ್ಧದ ನಂತರದ ಪರಿಹಾರ ಕಡತಗಳನ್ನು ಹೊರಗಿನವರು ಸುಮ್ಮನೆ ಕೇಳಿದರೆ ನನಗೆ ಕೊಡಲಿಲ್ಲ. ವಾರಸುದಾರರ ಸಹಿ, ಅವರೇ ವಾರಸುದಾರರು ಅನ್ನುವ ಪುರಾವೆ, ಗುರುತಿನ ಚೀಟಿಯ ಪ್ರತಿ ಮೂರೂ ಒಟ್ಟಿಗೆ ಕಳಿಸಿ. ನಾನು ಒಂದೊಂದಾಗಿ ಕಳಿಸಿ ಐದು ತಿಂಗಳು ಕಳೆದೆ. ಮಗನನ್ನು ದೇಶ ಬಿಡುವ ಷರತ್ತಿನ ಮೇಲೆ ಸಾಕ್ಸೆನ್‌ಹೌಸೆನ್‌ನಿಂದ ಬಿಟ್ಟಿದ್ದರು. ಶಾಂಘೈಗೆ ಹೋದ, ವೀಸಾ ಬೇಡದ ಊರು. ಅಲ್ಲಿಂದ ಅಮೆರಿಕ. ಸಾಮಾನಿನ ದೊಡ್ಡ ಪೆಟ್ಟಿಗೆ ಹ್ಯಾಂಬರ್ಗ್ ಬಂದರಿನಲ್ಲೇ ಉಳಿದು ಹರಾಜಾಯಿತು. 1957ರಲ್ಲಿ ಪಶ್ಚಿಮ ಜರ್ಮನಿ, ನಾಜಿಗಳು ದೋಚಿದ ಆಸ್ತಿಗೆ ಪರಿಹಾರದ ಕಾನೂನು ಮಾಡಿದಾಗ ಅವನು ಅರ್ಜಿ ಹಾಕಿದ. ಮನೆಯಲ್ಲಿ ಏನೇನಿತ್ತು ಅಂತ ನೆನಪಿನಿಂದ ಬರೆಯಬೇಕಿತ್ತು. ನಾಲ್ಕನೇ ಪಟ್ಟಿ. ಅಪ್ಪನ ಹಾಗೇ ಮಗನೂ: "ಓಕ್ ಬೀರು, ಮೂರು ಬಾಗಿಲು. ಊಟದ ಮೇಜು, ಹತ್ತು ಜನರಿಗೆ. ಚರ್ಮದ ಕುರ್ಚಿ 12, ತಂದೆ ಅಂಗಡಿಯಿಂದ ಆರಿಸಿ ತಂದದ್ದು."

ಅಪ್ಪನಿಗೆ ಫೋನ್ ಮಾಡಿ ಹನ್ನೆರಡಂತೆ ಅಂದೆ. "ನಾನು ಹೇಳಲಿಲ್ವಾ" ಅಂದರು, ಆಮೇಲೆ ಏನೂ ಮಾತಾಡಲಿಲ್ಲ.

ಕಲ್ಲಿನ ಬರಹಕ್ಕೆ ಜಾಗ ಬಹಳ ಚಿಕ್ಕದು. ಇಲ್ಲಿ ವಾಸವಿದ್ದರು, ಹೆಸರು, ಹುಟ್ಟಿದ ವರ್ಷ, ಎಲ್ಲಿಗೆ ಯಾವಾಗ ಸಾಗಿಸಿದರು, ಏನಾಯಿತು. ಫರ್ನಿಚರ್ ವ್ಯಾಪಾರಿ ಅಂತ ಬರೆಸಬೇಕು ಅಂತ ನನಗೆ ಆಸೆ ಇತ್ತು, ಜಾಗ ಸಾಲಲಿಲ್ಲ. ಹೆಂಡತಿಯ ತವರು ಹೆಸರು ಮೂರು ಕಾಗದದಲ್ಲಿ ಮೂರು ಥರ ಇತ್ತು. ಮದುವೆ ನೋಂದಣಿ ತೆಗೆಸಿ ಸರಿ ಮಾಡಿಸಿದೆವು. ಬರ್ಲಿನ್ನಿನಲ್ಲಿ ಮದುವೆಯ ದಾಖಲೆ 80 ವರ್ಷ ಆದ ಮೇಲೆ, ಹುಟ್ಟಿನದು 110 ವರ್ಷ ಆದ ಮೇಲೆ ಎಲ್ಲರಿಗೂ ಸಿಗುತ್ತದೆ. ಪ್ರೂಫ್ ಬಂದಾಗ ಮೂರು ಜನ ಕೂತು ಓದಿ, ಹಿತ್ತಾಳೆಗೆ ರಬ್ಬರ್ ಇಲ್ಲ. ಮರಣ ಪತ್ರದಲ್ಲಿ ಕಾಯಿಲೆ ಅಂತ ಇದೆಯಲ್ಲ, ಕಲ್ಲಿನ ಮೇಲೆ ಏನು ಬರೆಸುವುದು ಅಂತ ಮೊಮ್ಮಗಳನ್ನು ಕೇಳಿದೆ. "ಎರ್‌ಮೋರ್ಡೆಟ್" ಅಂದರು. ಕೊಲ್ಲಲ್ಪಟ್ಟರು. ಹಾಗೇ ಬರೆದಿದ್ದಾರೆ.

ಖರ್ಚಿನ ಲೆಕ್ಕ ಕೇಳುವವರಿಗೆ: ಕಲ್ಲು 480, ಸ್ಕ್ಯಾನ್ ಪ್ರತಿಗಳು ಮತ್ತು ಫೀಸು ಸುಮಾರು 150, ಓಡಾಟ, ಆ ದಂಡ, ಹೂವು. ಕಲ್ಲಿನ ಅರ್ಧ ಹಣ ಕಟ್ಟಡದ ಆರು ಮನೆಯವರು ಹಾಕಿದರು. ಒಬ್ಬರು ಮಾತ್ರ ಮನೆ ಮುಂದೆ ಇದು ಬೇಡ, ಮಾರುವಾಗ ಬೆಲೆ ಬಿದ್ದುಹೋಗುತ್ತದೆ ಅಂದರು. ಫುಟ್‌ಪಾತು ಸಾರ್ವಜನಿಕ ಜಾಗ, ಮನೆ ಮಾಲೀಕರ ಒಪ್ಪಿಗೆ ಬೇಕಿಲ್ಲ. ವಾದಕ್ಕೆ ಹೋಗಬೇಡಿ, ನಾನು ಹೋಗಿ ಒಂದು ವಾರ ನಿದ್ದೆ ಕೆಡಿಸಿಕೊಂಡೆ.

ಇನ್ನೊಂದು ವಿಷಯ, ಇದು ನಮ್ಮವರಿಗೆ ಮಾತ್ರ. ಮೊಮ್ಮಗಳು ಹಿಂದಿನ ದಿನ ನಮ್ಮ ಮನೆಗೆ ಊಟಕ್ಕೆ ಬರುವವರಿದ್ದರು. ಬೆಳಿಗ್ಗೆ ಬಾಗಿಲು ಒರೆಸುವಾಗ ನೋಡುತ್ತೇನೆ, ಹೊಸ್ತಿಲ ಮೇಲೆ ಗೃಹಪ್ರವೇಶದ ದಿನ ಅಮ್ಮ ಕುಂಕುಮದಲ್ಲಿ ಬರೆದ ಸ್ವಸ್ತಿಕ. ವರ್ಷಗಟ್ಟಲೆ ದಾಟಿ ಓಡಾಡಿದ್ದೇನೆ, ಕಣ್ಣಿಗೆ ಬಿದ್ದೇ ಇರಲಿಲ್ಲ. ದೇವರ ಕೋಣೆಯ ತೋರಣದಲ್ಲಿ ಇನ್ನೆರಡು. ಊರಿಂದ ಬಂದಿದ್ದ ಅಮ್ಮನಿಗೆ ಹೇಗೆ ಹೇಳುವುದು ಅಂತ ಒದ್ದಾಡಿದೆ. ಅಮ್ಮ ಪೂರ್ತಿ ಕೇಳಿ, "ಒರೆಸು ಮತ್ತೆ, ಅದಕ್ಕೇನು, ರಂಗೋಲೀಲಿ ಬೇರೆ ಏನೂ ಇಲ್ವಾ?" ಅಂದು ತಾವೇ ಒರೆಸಿ ಹೊಸ್ತಿಲಿಗೆ ಒಂದು ಎಂಟು ದಳದ ಪದ್ಮ ಹಾಕಿದರು.

ಆ ದಿನ ಸಣ್ಣ ಮಳೆ. ಜಿಲ್ಲೆಯ ರಸ್ತೆ ಕೆಲಸದ ಇಬ್ಬರು ಬಂದು ಸಣ್ಣ ಸಣ್ಣ ಕಲ್ಲು ಕಿತ್ತು ಗುಂಡಿ ಮಾಡಿದರು. ಬರ್ಲಿನ್ ಫುಟ್‌ಪಾತಿನ ನಡುವೆ ದೊಡ್ಡ ಗ್ರಾನೈಟ್ ಚಪ್ಪಡಿಗಳಿರುತ್ತವಲ್ಲ, ಅದಕ್ಕೆ ಇಲ್ಲಿ ಹಂದಿಹೊಟ್ಟೆ ಅನ್ನುತ್ತಾರೆ, ಎಡವುಗಲ್ಲು ಅದರ ಪಕ್ಕದ ಸಣ್ಣ ಕಲ್ಲುಗಳ ಸಾಲಿನಲ್ಲಿ ಕೂರುತ್ತದೆ. ಮೊಮ್ಮಗಳು ಕಾದಿಶ್ ಹೇಳಿದರು, ಸತ್ತವರಿಗಾಗಿ ಯಹೂದಿಗಳು ಹೇಳುವ ಪ್ರಾರ್ಥನೆ. ನಮ್ಮ ಮಗಳು ಈಗ ದೊಡ್ಡವಳು, ಎರಡನೇ ಪಟ್ಟಿಯನ್ನು ಗಟ್ಟಿಯಾಗಿ ಓದಿದಳು, ಬೀರು, ಕನ್ನಡಿ, ಮೇಜು. ಕುರ್ಚಿಯ ಸಾಲು ಬಂದಾಗ ಮೊಮ್ಮಗಳು ನನ್ನ ಕೈ ಹಿಡಿದುಕೊಂಡರು. ಆಮೇಲೆ ಮೇಲೆ ಬಂದು ಕಾಫಿ, ಕೋಡುಬಳೆ.

ಹಿತ್ತಾಳೆ ಬೇಗ ಕಪ್ಪಾಗುತ್ತದೆ. ಇಲ್ಲಿನವರು ಸತ್ತವರ ಸ್ಮರಣೆಯ ದಿನಗಳಾದ ಜನವರಿ 27ಕ್ಕೆ, ನವೆಂಬರ್ 9ಕ್ಕೆ ಪಾಲಿಶ್ ಹಾಕಿ ಉಜ್ಜುತ್ತಾರೆ. ಅಮ್ಮ ಊರಿಗೆ ಹೊರಡುವ ಹಿಂದಿನ ದಿನ ಹುಣಸೆಹಣ್ಣು ನೆನೆಸಿ ತಂದು ಮಂಡಿಯೂರಿ ಕೂತು ಉಜ್ಜಿದರು, ನಾಲ್ಕನ್ನೂ. ಸೈಕಲ್ ನಿಲ್ಲಿಸಲು ಬಂದವರು ಅವರಿಗೆ ದಾರಿ ಬಿಟ್ಟು ಸುತ್ತಿ ಹೋದರು. ನೀವೂ ಹುಣಸೆಹಣ್ಣು ಹಾಕುವುದಾದರೆ ಹುಳಿ ಉಳಿಯದ ಹಾಗೆ ಎರಡು ಸಲ ನೀರು ಹಾಕಿ ತೊಳೆದು, ಒಣ ಬಟ್ಟೆಯಲ್ಲಿ ಅಕ್ಷರದ ಸಂದಿಯನ್ನೂ ಒರೆಸಿ. ಇಲ್ಲದಿದ್ದರೆ ಹಸಿರು ಕಿಲುಬು ಬರುತ್ತದೆ.